ಗಂಟಿಲ್ಲದ ಬೇರು

ಶಹಾಪುರದ ಹತ್ತಿರ, ನಮ್ಮ ಹೊಲದ ಬದುವಿನಾಚೆ, ನಾನು ಅವ್ವ ಎಂದೇ ಕರೆಯುತ್ತಿದ್ದ ನೆರೆಯಾಕೆಯ ಹೊಲ. ತೊಗರಿ ಗಿಡ ಕಿತ್ತು, ಬೇರಿನ ಪುಟ್ಟ ಗಂಟುಗಳನ್ನು ಉಗುರಿನಿಂದ ಸೀಳಿ, ಒಳಗಿನ ಕೆಂಪು ನನಗೆ ತೋರಿಸುತ್ತಿದ್ದಳು. "ಮ್ಯಾಲಿಂದ ನೋಡಬ್ಯಾಡೋ," ಎನ್ನುವುದು ಆಕೆಯ ರೂಢಿ. ಆ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. ಮಣ್ಣಿನಲ್ಲೇ ಅದು ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದಿಲ್ಲ.

ಹಿಂದಿನ ವರ್ಷ ಆಕೆಯ ಗಂಡನನ್ನು ಅದೇ ಹೊಲದಲ್ಲಿ ಮಣ್ಣು ಮಾಡಿದ್ದರು. ಬೇಸಿಗೆಯಲ್ಲಿ ಟ್ರ್ಯಾಕ್ಟರಿನವನು ತಿಳಿಯದೆ ಗುರುತಿನ ಕಲ್ಲು ಕೆಡವಿ ನೆಲ ಸಮ ಮಾಡಿಬಿಟ್ಟ. ವರ್ಷದ ಪೂಜೆಗೆ ದೀಪ ಎಲ್ಲಿಡಬೇಕೆಂದು ತಿಳಿಯದೆ ಆಕೆ ಸಾಲು ಸಾಲು ಹುಡುಕಿದಳು, ನಾನೂ ಜೊತೆಗಿದ್ದೆ.

ಹೊಲದ ನಡುವೆ ಕೆಲವೇ ಗಿಡಗಳು ಉಳಿದವಕ್ಕಿಂತ ಎತ್ತರ, ಕಪ್ಪು ಹಸಿರು. ಒಂದನ್ನು ಕಿತ್ತಳು. ಬೇರು ಬೋಳಾಗಿತ್ತು, ಒಂದು ಗಂಟೂ ಇರಲಿಲ್ಲ.

"ರೋಗ ಬಂದದೇನವ್ವಾ?" ಎಂದೆ.

"ರೋಗ ಬಂದಿದ್ರ ಇಷ್ಟು ಹಸರ ಇರ್ತಿತ್ತೇನೋ ಹುಚ್ಚಪ್ಯಾ? ಇದಕ್ಕ ಬ್ಯಾರೆ ಕಡಿಂದ ಊಟ ಬರಾಕತ್ತದ."

ಆಕೆ ಅಲ್ಲೇ ದೀಪವಿಟ್ಟು ಕುಳಿತು, ಸೆರಗನ್ನು ತಲೆಗೆಳೆದುಕೊಂಡು, ನೆಲಕ್ಕೆ ಬಾಗಿ ಮೆಲ್ಲಗೆ ಹೇಳಿದಳು: "ಸಾಕ ಬಿಡ್ರಿ ಇನ್ನ. ಇವು ತಾವ ದುಡದು ಉಣ್ಲಿ."