ಡಿಲೀಟ್ ಒತ್ತಿದ ದಿನ

2002ರ ಸುಮಾರಿಗೆ ನಾನು ಕೊಳ್ಳೇಗಾಲದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೀಚರಾಗಿದ್ದೆ. ಟೈಪ್‌ರೈಟರ್ ಕಲಿಯುವವರು ಕಡಿಮೆಯಾದರೆಂದು ನಮ್ಮ ಮಾಲೀಕರು ಮೈಸೂರಿನ ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರೊಂದನ್ನು ತಂದರು. ಅದಕ್ಕೆ ಮಖಮಲ್ಲಿನ ಹೊದಿಕೆ ಬಂತು, ಹೊಸ ಫ್ಯಾನು ಬಂತು. ಫ್ಯಾನು ಹಾಕಿಸಿ ಎಂದು ನಾವು ವರ್ಷಗಟ್ಟಲೆ ಕೇಳಿದ್ದೆವು. ನಮಗಾಗದ ಸೆಕೆ ಅದಕ್ಕೆ ಆಗುತ್ತಿತ್ತು.

ಮೂರನೆಯ ವಾರ ಒಂದು ಬೆಳಿಗ್ಗೆ ಪರದೆ ಕಪ್ಪಗೆ ನಿಂತು, ಇಂಗ್ಲಿಷಿನಲ್ಲಿ ಒಂದೇ ಸಾಲು ತೋರಿಸಿತು. ಡಿಸ್ಕ್ ಬೂಟ್ ಆಗುತ್ತಿಲ್ಲ ಎಂಬುದು ಅದರ ಸಾರಾಂಶ. ಅಂದರೆ ನಾವು ಟೈಪ್ ಮಾಡಿದ್ದೆಲ್ಲ ಕೂತಿದ್ದ ಹಾರ್ಡ್ ಡಿಸ್ಕೇ ಅದಕ್ಕೆ ಸಿಗುತ್ತಿರಲಿಲ್ಲ. ಮಾಲೀಕರು ಕಾರಣವನ್ನು ಅಲ್ಲೇ ಪತ್ತೆ ಹಚ್ಚಿದರು.

"ಟೈಪ್‌ರೈಟರ್ ಕುಟ್ದಂಗೆ ಕುಟ್ತೀರಿ ಕಣಮ್ಮ ನೀವು. ಒಳ್ಗೆ ಏನೋ ಸಡ್ಲ ಆಗೋಗದೆ."

ಮೈಸೂರಿನಿಂದ ಒಬ್ಬರು ಇಂಜಿನಿಯರ್ ಬಂದರು. ಅವರನ್ನು ಹಾಗೆ ಕರೆಯುತ್ತಿದ್ದವರು ಅವರೇ. ಪರದೆಗೆ ಬೆನ್ನು ಅಡ್ಡ ಕೊಟ್ಟು ಏನೋ ಒತ್ತಿದರು. ಐದು ನಿಮಿಷದಲ್ಲಿ ಯಂತ್ರ ಎದ್ದು ಕೂತಿತು. ನಾಲ್ಕು ದಿನ ಬಿಟ್ಟು ಮತ್ತೆ ಮಲಗಿತು. ಮತ್ತೆ ಅವರು, ಮತ್ತೆ ಬೆನ್ನು, ಮತ್ತೆ ಕಾಫಿ. ಅವರಿಗೆ ಕಾರಣ ಗೊತ್ತಿರಲಿಲ್ಲವೋ, ಚೆನ್ನಾಗಿಯೇ ಗೊತ್ತಿತ್ತೋ, ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಆ ದಿನಗಳಲ್ಲೇ ಮಾಂಬಳ್ಳಿಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಯಳಂದೂರು ಸೀಮೆಯ ಹೊಲಗದ್ದೆಗಳಿಗೆ ಜನ ಇಟ್ಟ ಹೆಸರುಗಳನ್ನು ಅವರು ಊರೂರು ತಿರುಗಿ ಚೀಟಿಗಳಲ್ಲಿ ಬರೆದುಕೊಂಡಿದ್ದರು. ಸೊಸೆ ಮುನಿದ ಹೊಲ, ಎಮ್ಮೆ ಮುಳುಗಿದ ಗದ್ದೆ, ಹೀಗೆ. ಒಂದೊಂದಕ್ಕೂ ಒಂದು ಕತೆ. ಅವರು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಮುಗಿದ ಚೀಟಿಯನ್ನು ಅವರು ಚೂರುಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದರು.

"ಇಟ್ಕೊಳ್ಳಿ ಮೇಷ್ಟ್ರೆ," ಎಂದರೆ, "ಮಿಸಿನ್‌ನಲ್ಲಿ ಅದಲ್ಲವ್ವ, ಇನ್ಯಾಕೆ ಕಸ?" ಎನ್ನುತ್ತಿದ್ದರು.

ಫ್ಲಾಪಿಗೆ ಕಾಪಿ ಮಾಡಿಡೋಣವೆಂದರೆ, ಫ್ಲಾಪಿಗಳು ಸವೆದುಹೋಗಬಾರದೆಂದು ಮಾಲೀಕರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಟ ಹಿಡಿದು ತೆಗೆಸಬಹುದಿತ್ತು. ನಾನು ಹಿಡಿಯಲಿಲ್ಲ.

ನಾಲ್ಕನೆಯ ಸಲ ಯಂತ್ರ ಮಲಗಿದಾಗ ಇಂಜಿನಿಯರು ಫೋನಿನಲ್ಲೇ ರೋಗ ಹೇಳಿದರು. ಮಾಲೀಕರು ಫೋನಿಟ್ಟು ನಮ್ಮ ಕಡೆ ತಿರುಗಿದರು.

"ಹಾರ್ಡ್ ಡಿಸ್ಕ್ ವೀಕ್ ಆಗದಂತೆ. ಸೋಮವಾರ ಬಂದು ಫಾರ್ಮ್ಯಾಟ್ ಮಾಡ್ತರಂತೆ."

"ಅಂಗಂದ್ರೇನು?" ಮೇಷ್ಟ್ರು ಕೇಳಿದರು.

"ಕ್ಲೀನ್ ಮಾಡದು ಮೇಷ್ಟ್ರೆ. ಒಳ್ಗಿರದೆಲ್ಲ ಓಯ್ತದೆ, ಅಷ್ಟೆಯ."

ಮೇಷ್ಟ್ರು ಬುಟ್ಟಿಯ ಕಡೆ ನೋಡಿದರು. ಬುಟ್ಟಿ ಆಗಲೇ ಖಾಲಿಯಾಗಿತ್ತು. ಆ ಒಂದು ವಿಷಯದಲ್ಲಿ ನಮ್ಮ ಇನ್‌ಸ್ಟಿಟ್ಯೂಟ್ ಬಹಳ ಶಿಸ್ತಿನದು. ಮಾಲೀಕರು ಆಚೆ ಹೋದ ಮೇಲೆ ಮೇಷ್ಟ್ರು ಮೆಲ್ಲಗೆ ಬಾಯಿಬಿಟ್ಟರು.

"ಒಂದು ಕೇಳ್ತೀನವ್ವ. ರಿಪೇರಿ ಆದ ದಿನವೆಲ್ಲ ನೀನು ಕೊನೇಲಿ ತಾರೀಕು ಆಕ್ದಾಗ 1980 ಅಂತ ಬತ್ತಿತ್ತು. ನಾನು ತಪ್ಪು ಅಂದೆ, ನೀನು ತಿದ್ದಿದೆ. ಯಾಕಂಗೆ?"

ಮೇಷ್ಟ್ರುಗಳಿಗೆ ತಪ್ಪು ಹುಡುಕುವ ಚಟ ಎಂದು ಆಗ ಒಳಗೇ ನಕ್ಕಿದ್ದೆ. ಈಗ, ಯಂತ್ರ ರಾತ್ರಿ ಹೊತ್ತು ಏನನ್ನೋ ಮರೆಯುತ್ತಿದೆಯೇ ಎಂಬ ಅನುಮಾನ ಬಂದು ಹಾಜರಿ ಪುಸ್ತಕ ತೆಗೆದೆ. ಸಂಜೆ ಬೀಗ ಹಾಕಿದವರು ಅದರಲ್ಲಿ ಸಹಿ ಮಾಡಬೇಕಿತ್ತು. ಯಂತ್ರ ಕೈಕೊಟ್ಟ ನಾಲ್ಕೂ ಬೆಳಿಗ್ಗೆಗಳ ಹಿಂದಿನ ಸಂಜೆ ಇದ್ದದ್ದು ಮಾಲೀಕರ ಸಹಿ. ಎತ್ತರದ ಆಳು, ಹೋಗುವಾಗ ಗೋಡೆಯ ಮೇಲಿನ ಮೇನ್ ಸ್ವಿಚ್ ಆರಿಸಿ ಹೋಗುತ್ತಿದ್ದರು. ನನಗೆ ಅದು ಎಟುಕದು. ನಾನು ಬೀಗ ಹಾಕಿದ ದಿನ ಕರೆಂಟು ಇರುತ್ತಿತ್ತು, ಮರುದಿನ ಯಂತ್ರವೂ ಏಳುತ್ತಿತ್ತು. ಇನ್‌ಸ್ಟಿಟ್ಯೂಟನ್ನು ಅಷ್ಟು ದಿನ ನಡೆಸಿದ್ದು ನನ್ನ ಕುಳ್ಳುತನ.

ಕಂಪ್ಯೂಟರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕಕ್ಕೆ ಮಾಲೀಕರು ಕುಂಕುಮ ಹಚ್ಚಿದ್ದರು, ಬಿಚ್ಚಿ ನೋಡಿದವರಿಲ್ಲ. ಬಿಚ್ಚಿದೆ. ಯಂತ್ರದೊಳಗೆ ನಾಣ್ಯದಂಥ ಒಂದು ಸಣ್ಣ ಬ್ಯಾಟರಿ ಇರುತ್ತದಂತೆ. ಕರೆಂಟಿಲ್ಲದಾಗ ತಾರೀಕನ್ನೂ ಹಾರ್ಡ್ ಡಿಸ್ಕಿನ ವಿವರವನ್ನೂ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದು ಸತ್ತಿದ್ದರೆ, ಮೇನ್ ಸ್ವಿಚ್ ಆರಿಸಿದ ರಾತ್ರಿ ಯಂತ್ರ ಎರಡನ್ನೂ ಮರೆಯುತ್ತದೆ.

ಶನಿವಾರ ಮಾಲೀಕರು ಮದುವೆಗೆಂದು ಹನೂರಿಗೆ ಹೋದರು. ನಾನು ಪ್ಲಗ್ ಕಿತ್ತು ಡಬ್ಬ ಬಿಚ್ಚಿದೆ, ಮೇಷ್ಟ್ರು ಟಾರ್ಚ್ ಹಿಡಿದರು. ಬ್ಯಾಟರಿ ತೆಗೆದು ಪೇಟೆಯ ವಾಚ್ ರಿಪೇರಿಯವನಿಗೆ ತೋರಿಸಿದೆ.

"ಇದು ಸತ್ತು ಸಾನೆ ದಿನ ಆಗದೆ ಕಣಕ್ಕ," ಎಂದ.

ಅವನ ಹತ್ತಿರವೇ ಹೊಸದು ತಂದು ಕೂರಿಸಿದೆ. ಸ್ವಿಚ್ ಹಾಕಿದರೆ, ಒಳಗೆ ಹೋಗಿ ಡಿಸ್ಕಿನ ವಿವರ ತುಂಬಬೇಕು, ಅದಕ್ಕೆ ಡಿಲೀಟ್ ಒತ್ತು ಎಂದಿತು ಪರದೆ. ಮೇಷ್ಟ್ರು ಕೀಬೋರ್ಡಿನ ಮೇಲೆ ಕೈ ಅಡ್ಡ ಇಟ್ಟರು.

"ಅದೊಂದ ಒತ್ಬೇಡ ಕಣವ್ವ. ಡಿಲೀಟ್ ಅಂದ್ರೆ ಅಳ್ಸದು. ಅಷ್ಟು ಇಂಗ್ಲೀಸು ನಂಗೂ ಬತ್ತದೆ."

"ಒಳಗೆ ಹೋಗೋಕೆ ಅದೇ ಬಾಗಿಲಂತೆ ಮೇಷ್ಟ್ರೆ. ಪುಸ್ತಕದಲ್ಲಿದೆ."

"ಬರ್ದೋನು ಸರ್ಯಾಗಿ ಬರ್ದವ್ನ?"

ಆ ಅನುಮಾನ ನನಗೂ ಇತ್ತು. ಬಾಗಿಲಿಗೆ ಅಳಿಸುವ ಗುಂಡಿ ಇಟ್ಟ ಮಹಾನುಭಾವ ಇನ್ನೇನು ಮಾಡಿದ್ದಾನೋ. ಮೇಷ್ಟ್ರು ಕೈ ತೆಗೆದು ಕಣ್ಣು ಮುಚ್ಚಿಕೊಂಡರು. ಒತ್ತಿದೆ. ನೀಲಿ ಪರದೆ ಬಂತು. ಹಾರ್ಡ್ ಡಿಸ್ಕ್ ಹುಡುಕುವ ಸಾಲಿಗೆ ಹೋಗಿ ಎಂಟರ್ ಒತ್ತಿದೆ. ಒಳಗೆ ಗುರ್ ಎಂದಿತು, ಡಿಸ್ಕ್ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಸೊಸೆ ಮುನಿದ ಹೊಲ ಪರದೆಯ ಮೇಲಿತ್ತು. ಮೇಷ್ಟ್ರು ಮೊದಲ ಪುಟವನ್ನು ಒಂದು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಆಮೇಲೆ ತಾವೇ ಎದ್ದು ಹೋಗಿ ಅಂಗಡಿಯಿಂದ ಒಂದು ಡಬ್ಬಿ ಫ್ಲಾಪಿ ತಂದರು.

ಸೋಮವಾರ ಇಂಜಿನಿಯರು ಬಂದು, ಎದ್ದು ಕೂತಿದ್ದ ಯಂತ್ರವನ್ನು ನೋಡಿ, "ರೆಸ್ಟ್ ಕೊಟ್ರೆ ಸರಿಹೋಗುತ್ತೆ ಅಂತ ನಾನು ಅಂದ್ಕೊಂಡಿದ್ದೆ," ಎಂದರು. ಕಾಫಿ ಬಿಡಲಿಲ್ಲ. ಬ್ಯಾಟರಿಯ ಕತೆ ಕೇಳಿದ ಮಾಲೀಕರು ಮರುವಾರವೇ ಬೋರ್ಡಿನ ಮೇಲೆ 'ಕಂಪ್ಯೂಟರ್ ರಿಪೇರಿ ಕಲಿಸಲಾಗುವುದು' ಎಂದು ಬರೆಸಿದರು. ಕಲಿಸುವವರು ಅವರೇ.

ಹೊಲಗದ್ದೆಗಳ ಹೆಸರಿನ ಪುಸ್ತಕ ಅಚ್ಚಾದ ಮೇಲೆ ಮೇಷ್ಟ್ರು ನನಗೊಂದು ಪ್ರತಿ ತಂದುಕೊಟ್ಟರು. ಕೊನೆಯ ಪುಟದಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಇತ್ತು.

"ಅದಿನೇಳು ಅವೆ ಕಣವ್ವ, ಎಲ್ಲ ನಿನ್ನವೆಯ," ಎಂದರು, ಬಹಳ ಸಂತೋಷದಿಂದ.

ಮನೆಗೆ ಹೋಗಿ ನೋಡಿದೆ. ಎರಡು ಅವರವು. ಹೇಳಲಿಲ್ಲ.