ಅವ್ವನ ಗುರುವಾರ ಮತ್ತು ಮಾಯಾ ಜನ

ಉಪವಾಸದ ದಿನ ನಾನು ಉಳಿದ ದಿನಗಳಿಗಿಂತ ಹೆಚ್ಚು ತಿನ್ನುತ್ತಿದ್ದೆ. ಸೋಲಾಪುರದಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದೆ. ಬುಧವಾರ ಸಂಜೆಯಾದರೆ ಓಣಿಯ ಭಕ್ತಿಯೆಲ್ಲ ನನ್ನ ತಕ್ಕಡಿ ಏರಿ ಇಳಿಯುತ್ತದೆ: ಸಾಬೂದಾಣಿ ಎಂಬ ಸಬ್ಬಕ್ಕಿ, ಶೇಂಗಾ, ಗೆಣಸು, ದಂಟಿನ ಬೀಜದ ರಾಜಗೀರಾ ಲಾಡು. ಜೋಳದ ರೊಟ್ಟಿಯ ಒಂದು ಚೂರು ಬಾಯಿಗೆ ಬಿದ್ದರೆ ವ್ರತ ಕೆಟ್ಟಿತು. ತುಪ್ಪ ಸುರಿದ ಸಾಬೂದಾಣಿ ಖಿಚಡಿಯನ್ನು ಎರಡು ತಾಟು ತಿಂದರೂ ಅದು ಉಪವಾಸವೇ. ಈ ಕಾಯ್ದೆ ಮಾಡಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಅವ್ವನ ಉಪವಾಸ ಮಾತ್ರ ನಿಜವಾದದ್ದು. ಎಪ್ಪತ್ತು ದಾಟಿದವಳು ಗುರುವಾರ ಬೆಳಿಗ್ಗೆ ಒಂದು ಬಟ್ಟಲು ಖಿಚಡಿ ತಿಂದು, ಬಿ.ಪಿ. ಗುಳಿಗೆ ನುಂಗಿ, ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋಗಿ ಅಲ್ಲಿಯ ಸ್ವಾಮಿಗಳ ದರ್ಶನ ಮಾಡಿ ಬರುತ್ತಾಳೆ. ಆ ಬಟ್ಟಲೇ ಅವಳ ಇಡೀ ದಿನದ ಆಸರೆ.

ನನಗೆ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಫೋನಿನಲ್ಲಿ ಏನಾದರೂ ಓದುವ ಚಟ. ಕೆಲವು ತಿಂಗಳ ಹಿಂದೆ ಮಾಯಾ ಜನರ ಗೀಳು ಹಿಡಿಯಿತು. ಕಲ್ಲಿನ ಗೋಪುರ ಕಟ್ಟಿದವರು, ಶುಕ್ರನ ನಡಿಗೆಯನ್ನು ಲೆಕ್ಕ ಹಾಕಿದವರು, ಸೊನ್ನೆಯನ್ನು ತಾವೇ ಕಂಡುಕೊಂಡವರು. ಅವರು ಎಂದೋ ಅಳಿದುಹೋದರೆಂದು ನಾನು ತಿಳಿದಿದ್ದೆ. ಇಲ್ಲ, ಮೆಕ್ಸಿಕೋದಲ್ಲಿ, ಗ್ವಾಟೆಮಾಲಾದ ಗುಡ್ಡಗಳಲ್ಲಿ ಇಂದಿಗೂ ಇದ್ದಾರೆ. ಮನೆಯಲ್ಲಿ ತಮ್ಮ ಮಾತು, ಪೇಟೆಯಲ್ಲಿ ಸ್ಪ್ಯಾನಿಷ್. ಮನೆಯಲ್ಲಿ ಕನ್ನಡ, ಅಂಗಡಿಯ ಗಲ್ಲೆಯ ಮೇಲೆ ಮರಾಠಿ ಆಡುವ ನನಗೆ ಅವರು ದೂರದ ಬೀಗರಂತೆ ಕಂಡರು.

ಆಮೇಲೆ ಕಣ್ಣಿಗೆ ಬಿದ್ದದ್ದು ಅವರ ಹಿತ್ತಿಲು. ಗೆಣಸು, ಪಪ್ಪಾಯಿ, ಹಸಿಮೆಣಸಿನಕಾಯಿ, ರಾಜಗೀರಾ, ಸಾಬೂದಾಣಿಯಾಗುವ ಮರಗೆಣಸು ಕೂಡ! ಶೇಂಗಾ, ಬಟಾಟೆ ಅವರಿಗಿಂತಲೂ ದಕ್ಷಿಣದವರದು. ನಮ್ಮ ಉಪವಾಸದ ತಾಟು ಹೆಚ್ಚುಕಡಿಮೆ ಪೂರ್ತಿ ಹಡಗು ಹತ್ತಿ ಬಂದದ್ದು. ತಮಾಷೆಯೆಂದರೆ, ದೇವರು ಮನುಷ್ಯನನ್ನು ಮಾಡಿದ್ದೇ ಮೆಕ್ಕೆಜೋಳದ ಹಿಟ್ಟಿನಿಂದ ಎಂದು ಅವರು ನಂಬುತ್ತಾರೆ. ನಾವು ಆ ಒಂದನ್ನೇ ಉಪವಾಸದಿಂದ ಹೊರಗಿಟ್ಟಿದ್ದೇವೆ.

ಇಷ್ಟು ಗೊತ್ತಾದ ಮೇಲೆ ಸುಮ್ಮನಿರುವುದು ಜಾಣರ ಕೆಲಸ. ನಾನು ಊಟಕ್ಕೆ ಕೂತಾಗ ಎಲ್ಲವನ್ನೂ ಅವ್ವನ ಮುಂದೆ ಬಿಚ್ಚಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತಾಟು ಪಕ್ಕಕ್ಕೆ ಸರಿಸಿದಳು.

"ಹಂಗಾದ್ರ ದೇವರಿಗೆ ಗುರುತಿಲ್ಲದ ಬೆಳಿ ತಿಂದು ನಂದು ಇಷ್ಟು ವರ್ಷ ಉಪವಾಸ ಹ್ಯಾಂಗ ಆತು?"

ಮುಂದಿನ ಗುರುವಾರ ಖಿಚಡಿ ಮುಟ್ಟಲಿಲ್ಲ. ಅರ್ಧ ಲೋಟ ಹಾಲಿನಲ್ಲಿ ಗುಳಿಗೆ ನುಂಗಿ ಬಸ್ಸು ಹತ್ತಿದಳು. ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ತಲೆ ತಿರುಗಿ ಕುಸಿದಳಂತೆ. ಕಂಡಕ್ಟರ್ ನೀರು ಕುಡಿಸಿ, ನೆರಳಿಗೆ ಕೂಡಿಸಿ, ನನಗೆ ಫೋನು ಮಾಡಿದ. ಹೋಗಿ ಕರೆತಂದೆ. ಡಾಕ್ಟರು ಬರಿಹೊಟ್ಟೆಯಲ್ಲಿ ಗುಳಿಗೆ ನುಂಗುವಂತಿಲ್ಲ ಎಂದು ಬೈದರು. ಅವ್ವ ಸರಿ ಎಂದಳು, ಅದರ ಮುಂದಿನ ಗುರುವಾರವೂ ಹಾಲೇ ಕುಡಿದಳು. ಬಸ್ಸಿನಲ್ಲಿ ಪಕ್ಕಕ್ಕೆ ನಾನು ಕೂತಿದ್ದೆ. ಅವಳು ದಾರಿಯುದ್ದಕ್ಕೂ ಮುಂದಿನ ಸೀಟಿನ ಸರಳಿಗೆ ತಲೆ ಆನಿಸಿಕೊಂಡಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆಂಡತಿಯಂತೂ ನನ್ನೊಂದಿಗೆ ಮಾತು ಬಿಟ್ಟು, ಹೇಳುವುದನ್ನೆಲ್ಲ ಪಾತ್ರೆಗಳಿಗೆ ಹೇಳುತ್ತಿದ್ದಳು.

ಚಟ ಹಚ್ಚಿದ ಫೋನಿನಲ್ಲೇ ಮದ್ದು ಹುಡುಕತೊಡಗಿದೆ. ಮೂರನೆಯ ದಿನ ಸಿಕ್ಕಿತು. ಮಾಯಾ ಜನ ಹಬ್ಬಕ್ಕೆ ಮೊದಲು ಉಪವಾಸ ಮಾಡುತ್ತಿದ್ದರು. ಎಷ್ಟೋ ದಿನ ಉಪ್ಪು, ಖಾರ ಮುಟ್ಟುತ್ತಿರಲಿಲ್ಲ. ಓಡಿಹೋಗಿ ಅವ್ವನಿಗೆ ಹೇಳಿದೆ. ಸುಳ್ಳಲ್ಲ ತಾನೆ ಎಂದು ಎರಡು ಸಲ ಕೇಳಿದಳು. ಫೋಟೋ ತೋರಿಸೆಂದಳು. ತಲೆಗೆ ಬಟ್ಟೆ ಸುತ್ತಿ ಮೇಣದಬತ್ತಿಗಳ ಮುಂದೆ ಕೂತ ಒಬ್ಬ ಮಾಯಾ ಮುದುಕಿಯ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಇಷ್ಟು ಕಡಕ್ ಉಪವಾಸ ಮಾಡೋರ ಹೊಲದ ಬೆಳಿ ದೇವರಿಗೆ ಗುರುತಿರಂಗಿಲ್ಲೇನ?" ಅಂದಳು.

ಹೆಂಡತಿ ಅದಾಗಲೇ ಸಾಬೂದಾಣಿ ನೆನೆಹಾಕಲು ಎದ್ದಿದ್ದಳು. ಅವ್ವ ಅವಳನ್ನು ತಡೆದು ನನ್ನತ್ತ ತಿರುಗಿದಳು.

"ಅವರು ಉಪ್ಪು, ಖಾರ ಬಿಡತಿದ್ರು ಅಂದಿ. ಓದಿದಾಂವ ನೀ. ನೀನ ಮೊದಲು ಮಾಡು."

ಅಂದಿನಿಂದ ಗುರುವಾರ ನಮ್ಮ ಮನೆಯಲ್ಲಿ ಎರಡು ಬಗೆಯ ಖಿಚಡಿ. ಅವಳದರಲ್ಲಿ ಡಾಕ್ಟರು ಹೇಳಿದಷ್ಟು ಉಪ್ಪು, ಎರಡು ಹಸಿಮೆಣಸಿನಕಾಯಿ. ನನ್ನದರಲ್ಲಿ ಎರಡೂ ಇಲ್ಲ. ಬಾಯಿಗೆ ಹಾಕಿದರೆ ಗೋಂದು ತಿಂದಂತಾಗುತ್ತದೆ. ಆದರೂ ಎದುರಿಗೆ ಕೂತ ಅವ್ವ ಬಟ್ಟಲು ಮುಂದೆ ಚಾಚಿ ಇನ್ನೊಂದು ಚಮಚ ಹಾಕಿಸಿಕೊಂಡಾಗ, ನನ್ನ ತುತ್ತೂ ಸಲೀಸಾಗಿ ಇಳಿಯುತ್ತದೆ.