ಸಮಡೋಳಿಯವರ ತೊಟ್ಟಿಲು

ಮಿರಜ ಪೇಟೆಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಗುರುಬಸಪ್ಪ ಬಂದ ಗಿರಾಕಿಯನ್ನು ತಾನೇ ಹಿಂದಕ್ಕೆ ಕಳಿಸುತ್ತಿದ್ದ. "ಖುರ್ಚಿ ಒಯ್ಯಿರಿ, ಕಂದೀಲ ಒಯ್ಯಿರಿ. ಚಪ್ಪಲಿ ಮಾತ್ರ ಹಳೇವು ಕೊಳ್ಳಬ್ಯಾಡ್ರಿ. ಅವು ಇನ್ನೊಬ್ಬರ ಕಾಲಿನ ಮಾತ ಕೇಳಿರತಾವ," ಎನ್ನುವನು. ಹಾಸಿಗೆಗೂ ಬಾಚಣಿಕೆಗೂ ಅದೇ ಬುದ್ಧಿಮಾತು. ಈ ಶ್ರಾವಣದಲ್ಲಿ ಅವನನ್ನು ಮಣ್ಣು ಮಾಡಿ ಬಂದೆವು. ಅಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುವುದು ಅವನು ಕೊಂಡು ತಂದ ಒಂದು ತೊಟ್ಟಿಲು.

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಕಾಲ. ದರಬಾರದ ನೌಕರಿ ನಂಬಿದ್ದ ದೊಡ್ಡ ಮನೆಗಳು ಸಾಮಾನು ಮಾರತೊಡಗಿದ್ದವು. ಸಾಂಗಲಿ ಸಂಸ್ಥಾನದ ಆಡಳಿತ ನೋಡುತ್ತಿದ್ದ ಒಬ್ಬ ಕಾರಭಾರಿಯ ಮನೆತನ ತಮ್ಮ ವಾಡೆ ಬಿಟ್ಟು ಪುಣೆಗೆ ಹೊರಟಾಗ, ಅಲ್ಲಿದ್ದುದನ್ನೆಲ್ಲ ಗುರುಬಸಪ್ಪ ಒಟ್ಟಿಗೆ ಕೊಂಡ. ಗಾಡಿಯಲ್ಲಿ ಒಂದು ಸಾಗುವಾನಿ ತೊಟ್ಟಿಲೂ ಬಂತು. ಮೂಲೆಮೂಲೆಗೆ ಕೆತ್ತಿದ ಗಿಳಿ, ಹಿತ್ತಾಳೆಯ ಸರಪಳಿ. ಅದನ್ನು ಅಂಗಡಿಗೆ ಇಳಿಸದೆ ಮನೆಗೆ ತಂದ. ಹೆಂಡತಿ ಸಂಗವ್ವ ಆಗ ತುಂಬು ಬಸುರಿ. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ.

ಸಂಗವ್ವ ಹೊಸ್ತಿಲಲ್ಲೇ ತಡೆದಳು.

"ಖಾಲಿ ತೊಟ್ಟಿಲ ತಂದೀರಿ?"

"ಕೂಸ ಬರೋದೈತಲ್ಲ, ತುಂಬತೈತಿ."

"ಇದರಾಗ ಮಲಗಿದ ಕೂಸುಗೋಳು ಏನಾದ್ವು, ಬದುಕ್ಯಾವೋ ಇಲ್ಲೋ, ಕೇಳೀರೇನು? ಕೇಳಿ ಬರೂತನಕ ಇದು ಒಳಗ ಬರಬಾರದು."

ನಮ್ಮ ಕಡೆ ತೊಟ್ಟಿಲನ್ನು ಮಕ್ಕಳು ಚೆನ್ನಾಗಿ ಬೆಳೆದ ಮನೆಯಿಂದ ಕೇಳಿ ತರುತ್ತಾರೆ. ಬರಿದಾಗಿಯೂ ತರುವುದಿಲ್ಲ, ಒಂದು ಗುಂಡಕಲ್ಲನ್ನು ಕೂಸಿನಂತೆ ಮಲಗಿಸಿ ತರುತ್ತಾರೆ. ಊರಿಗೆಲ್ಲ ಬುದ್ಧಿ ಹೇಳುವ ಗುರುಬಸಪ್ಪ ಅದನ್ನು ಬರೀ ಒಳ್ಳೆಯ ಮರವೆಂದು ಕೊಂಡುಬಿಟ್ಟಿದ್ದ.

ಯಾವ ವಸ್ತುವಿನ ಹಿಂದಿನ ಕಥೆಯನ್ನೂ ಕೇಳಿದವನಲ್ಲ ಅವನು. ಕೇಳಿದರೆ ಮಾರುವವರ ಮುಖ ಬಾಡುತ್ತದೆ ಎನ್ನುತ್ತಿದ್ದ. ಈಗ ಕೇಳಲೇಬೇಕಾಯಿತು. ವಾಡೆಗೆ ಬೀಗ ಬಿದ್ದಿತ್ತು. ಆ ಮನೆಯ ಕೂಸುಗಳನ್ನು ಆಡಿಸಿದವಳು ಸಮಡೋಳಿಯ ಬೀರವ್ವ, ಕುರಿ ಸಾಕುವವರ ಪೈಕಿ, ಎಂದು ಎದುರು ಮನೆಯವರು ಹೇಳಿದರು. ಗುರುಬಸಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಹೊಳೆ ದಾಟಲು ಹರಿಪುರದಲ್ಲಿ ನಾವೆ ಹತ್ತಿದೆವು.

ಬೀರವ್ವ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ಗಿಳಿಯ ತೊಟ್ಟಿಲು ಎಂದೊಡನೆ ನಕ್ಕಳು.

"ಕುಂದ್ರಿ. ಅದರಾಗ ವಾಡೇದ ಕೂಸು ಒಂದೂ ಮಲಗಿಲ್ಲರಿ. ಹೆಸರಿಡೋ ದಿನ ಮಂದಿಗೆ ತೋರಸಾಕ ಹಾಕೋರು, ಅಷ್ಟ. ಆಮ್ಯಾಲ ಸೀರಿ ಜೋಳಿಗ್ಯಾಗ ನಾನ ತೂಗಾಕಿ."

"ಹಂಗಾದ್ರ ಯಾರೂ ಮಲಗೇ ಇಲ್ಲ?" ಗುರುಬಸಪ್ಪನ ದನಿ ಇಳಿಯಿತು.

ವಾಡೆಯ ಯಜಮಾನಿ ಈಗಲೂ ಎಲ್ಲಿಂದಲೋ ಕೇಳಿಸಿಕೊಳ್ಳುತ್ತಾಳೆ ಎಂಬಂತೆ ಬೀರವ್ವ ಅತ್ತಿತ್ತ ನೋಡಿದಳು.

"ಒಬ್ಬ ಮಲಗ್ಯಾನ. ಬಾಯಿಸಾಹೇಬ್ರು ಮಧ್ಯಾಹ್ನ ನಿದ್ದಿ ಹೋದ್ರ ನನ್ನ ಮಗನ್ನ ಹಾಕತಿದ್ದೆ. ಏ ಜ್ಯೋತೆಪ್ಪಾ, ಬಾ ಇಲ್ಲಿ."

ಕುರಿಹಟ್ಟಿಯಿಂದ ತಲೆ ಬಗ್ಗಿಸಿ ಒಬ್ಬ ತರುಣ ಹೊರಬಂದ. ಎರಡೂ ಕಂಕುಳಲ್ಲಿ ಕುರಿಮರಿ, ಬಾಗಿಲಿಗೆ ಹಿಡಿಸದ ಮೈಕಟ್ಟು. ಗುರುಬಸಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹಳೆ ಸಾಮಾನನ್ನು ನೋಡುತ್ತಿದ್ದುದೂ ಹಾಗೆಯೇ. ಆದರೆ ಈ ಸಲ ಅವನ ಕಣ್ಣು ತುಂಬಿದ್ದವು.

"ಹಿಂಗ್ಯಾಕ ನೋಡಾಕ ಹತ್ತೀರಿ ಸಾವಕಾರ್ರ? ನಾ ಮಾರಾಟಕ್ಕಿಲ್ಲ," ಎಂದ ಜ್ಯೋತೆಪ್ಪ.

"ಇನ್ನ ತೊಂದರಿ ಇಲ್ಲಲ್ಲ ಬೀರವ್ವಾ?"

"ರೊಕ್ಕಾ ಕೊಟ್ಟ ತಂದೀರಲ್ಲ, ಅದ ತೊಂದರಿ. ತೊಟ್ಟಿಲ ಬೇಡಿ ತರಬೇಕು."

"ಬೇಡಾಕ ವಾಡೇದವ್ರು ಎಲ್ಲದಾರ?"

ಅವಳು ಮತ್ತೆ ನೂಲತೊಡಗಿದಳು. ಗುರುಬಸಪ್ಪ ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದ: "ಆ ತೊಟ್ಟಿಲ ನಿನಗ ಕೊಟ್ಟೆ. ಇವತ್ತಿನಿಂದ ಅದು ನಿಂದು. ಈಗ ಬೇಡತೇನಿ. ನಮ್ಮ ಮನಿ ಕೂಸಿಗೆ ಕೊಡತೀಯೇನು?"

"ಕೊಡದ ಏನ್ರಿ. ಆದ್ರ ನನ್ನ ತೊಟ್ಟಿಲ ನನ್ನ ಮನಿಂದ ಹೋಗಬೇಕು. ಮೊದಲ ಇಲ್ಲಿಗೆ ತರ್ರಿ."

ಹೀಗೆ ಆ ತೊಟ್ಟಿಲು ಹೊಳೆ ದಾಟಿ ಸಮಡೋಳಿಗೆ ಹೋಗಿ, ಮರುದಿನ ಜ್ಯೋತೆಪ್ಪನ ತಲೆಯ ಮೇಲೆ ಹಿಂದಿರುಗಿತು. ಒಳಗೆ ಕಂಬಳಿ ತುಂಡಿನಲ್ಲಿ ಸುತ್ತಿದ ಬೀರವ್ವನ ಮನೆಯ ಗುಂಡಕಲ್ಲು.

"ನಿನ್ನೆ ಹಗುರ ಹೋತು, ಇವತ್ತ ಕೂಸ ತಂದೀರಿ. ಗಂಡೋ ಹೆಣ್ಣೋ?" ಎಂದ ನಾವೆಯವನು.

"ಹೊತ್ತ ನೋಡು, ತಿಳೀತೈತಿ," ಎಂದ ಜ್ಯೋತೆಪ್ಪ.

ಸಂಗವ್ವ ಆರತಿ ಎತ್ತಿ, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತೊಟ್ಟಿಲು ಒಳಗೆ ಬಂತು. ಆಮೇಲೆ ಹುಟ್ಟಿದ ನೀಲಾ ಉಳಿದಳು.

ಮೊನ್ನೆ ನೀಲಾ ಅಂಗಡಿ ಖಾಲಿ ಮಾಡುತ್ತಿದ್ದಳು. ಸಂಗವ್ವ ಗಂಡನಿಗಿಂತ ಮೊದಲೇ ತೀರಿಕೊಂಡಿದ್ದರಿಂದ ನೆರವಿಗೆ ನಾನು ಹೋಗಿದ್ದೆ. ಮನೆಯಿಂದ ತಂದು ಒಳಗಿನ ಕೋಣೆಯಲ್ಲಿಟ್ಟಿದ್ದ ತೊಟ್ಟಿಲಿನ ಗಿಳಿಗಳನ್ನು ಕಂಡ ಗಿರಾಕಿಯೊಬ್ಬ ಬೆಲೆ ಕೇಳಿದ. ಮಾರಾಟಕ್ಕಿಲ್ಲವೆಂದು ಅವನಿಗೆ ಮರಾಠಿಯಲ್ಲಿ ಹೇಳಿ, ನನ್ನ ಕಡೆ ತಿರುಗಿದಳು.

"ಕಾಕಾ, ಜ್ಯೋತೆಪ್ಪಮಾಮಾನ ಮೊಮ್ಮಗಳು ಬಸುರಿ ಅದಾಳ. ಅಪ್ಪಾ ಹೋಗೂ ಮುಂಚೆ ಹೇಳಿದ್ದ, ಅವರದು ಅವರಿಗೆ ಮುಟ್ಟಸು ಅಂತ."

ಗುಂಡಕಲ್ಲಿಗೆ ಎಣ್ಣೆ ಸವರಿ ತೊಟ್ಟಿಲಲ್ಲಿ ಮಲಗಿಸಿದಳು. ಒಬ್ಬಳಿಂದ ಎತ್ತಲಾಗುವ ಭಾರವಲ್ಲ ಅದು. ಇನ್ನೊಂದು ಬದಿಯನ್ನು ನಾನು ಹಿಡಿದೆ.